ಸೀಳಿದ ಮೀಟರ್ ಕವರ್ ರಿಪೇರಿ: ಹಳೆ ಮಾರುತಿ ಇಟ್ಟುಕೊಂಡವರಿಗೆ

ಕೆಎ-25 ನಂಬರಿನ ಹಳೆ ಮಾರುತಿ 800 ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ಬೇಕಾದಷ್ಟು ಓಡುತ್ತಿವೆ. 1983ರಲ್ಲಿ ಬಂದ ಗಾಡಿ, 2014ರಲ್ಲಿ ತಯಾರಿಕೆ ನಿಂತಿತು. ಅಂದರೆ ಕಟ್ಟಕಡೆಯದಕ್ಕೂ ಹತ್ತು ವರ್ಷ ದಾಟಿದೆ. ಇಂಜಿನ್ ಗಟ್ಟಿಯಾಗಿರುತ್ತದೆ, ಕ್ಲಚ್ ಪ್ಲೇಟು ಬ್ರೇಕ್ ಶೂ ಎಲ್ಲಾ ಸಿಗುತ್ತವೆ, ಆದರೆ ದಿನಾ ಕಣ್ಣೆದುರಿಗೇ ಇರುವ ಮೀಟರ್ ಕವರ್ ಮಾತ್ರ ಸೀಳಿ ಕೂತಿರುತ್ತದೆ. ಗ್ಯಾರೇಜಿನಲ್ಲಿ ತೋರಿಸಿದರೆ "ಸರ, ಇದು ಆಗಂಗಿಲ್ರಿ, ಹೊಸಾದು ಹಾಕ್ಸ್ರಿ" ಅನ್ನುತ್ತಾರೆ. ಹೊಸದು ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಮಾತಿಲ್ಲ.

ಇದು ಮನೆಯಲ್ಲೇ ಆಗುವ ಕೆಲಸ. ಒಂದು ರವಿವಾರ ಬೇಕು, ಅಂಟು ಒಣಗೋಕೆ ಒಂದು ರಾತ್ರಿ ಬೇಕು. ನಾನು 800 ಅಂತಲೇ ಬರೆಯುತ್ತಿದ್ದೇನೆ, ಆದರೆ ಓಮ್ನಿ, ಝೆನ್, ಎಸ್ಟೀಮ್, ಅಂಬಾಸಿಡರ್ ಇದ್ದವರಿಗೂ ಮುಕ್ಕಾಲು ಭಾಗ ಹೊಂದುತ್ತದೆ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಮಾತ್ರ ಸ್ಟೀರಿಂಗ್ ಹತ್ತಿರ ಸ್ಕ್ರೂಡ್ರೈವರ್ ಹಾಕೋಕೆ ಹೋಗಬೇಡಿ, ಅದು ತಿಳಿದವರ ಕೆಲಸ.

ಮೊದಲು ಸೀಳಿದ್ದು ಯಾವುದು ಅಂತ ನೋಡಿ. ಮೀಟರ್ ಕವರ್ ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ, ಇರೋದು ಎರಡು ಬೇರೆ ಸಾಮಾನು. ಒಂದು, ಸುತ್ತಲಿನ ಕಪ್ಪು ಅಥವಾ ಬೂದು ಬಣ್ಣದ ಚೌಕಟ್ಟು. ಇನ್ನೊಂದು, ಮುಳ್ಳಿನ ಮುಂದೆ ಇರುವ ಪಾರದರ್ಶಕ ಹಾಳೆ. ಅದು ಗಾಜಿನ ಹಾಗೆ ಕಂಡರೂ ಹೆಚ್ಚಿನ ಗಾಡಿಗಳಲ್ಲಿ ಪ್ಲಾಸ್ಟಿಕ್ಕೇ. ಒಂದಕ್ಕೆ ಹಾಕುವ ಅಂಟು ಇನ್ನೊಂದನ್ನು ಹಾಳು ಮಾಡುತ್ತದೆ. ಅಂಗಡಿಗೆ ಹೋಗಿ ಐದು ರೂಪಾಯಿಯ ಕ್ವಿಕ್ ಅಂಟು ತಂದು ಮುಂದಿನಿಂದ ಬಿರುಕಿಗೆ ಹಿಂಡುವವರೇ ಜಾಸ್ತಿ. ಆ ಅಂಟಿನ ಆವಿ ಪಕ್ಕದ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಬೂದಿಯ ಹಾಗೆ ಕೂರುತ್ತದೆ, ಆಮೇಲೆ 40 ಯಾವುದು 60 ಯಾವುದು ಅಂತ ಗೊತ್ತಾಗಲ್ಲ. ಬಿರುಕಿದ್ದಾಗ ಓದೋಕಾದರೂ ಬರುತ್ತಿತ್ತು!

ಸೀಳೋದು ಯಾಕೆ ಅಂದರೆ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಗಾಜು ಏರಿಸಿ ಬಯಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮುಟ್ಟಿದರೆ ಕೈ ಸುಡುತ್ತದೆ. ರಾತ್ರಿ ತಣ್ಣಗಾಗುತ್ತದೆ, ಮರುದಿನ ಮತ್ತೆ ಕಾಯುತ್ತದೆ. ಪ್ಲಾಸ್ಟಿಕ್ ಹಿಗ್ಗಿ ಕುಗ್ಗಿ, ಬಿಸಿಲಿನ ನೇರಳಾತೀತ ಕಿರಣಕ್ಕೆ ಒಣಗಿ, ಒಣ ಚಕ್ಕುಲಿಯ ಹಾಗೆ ಆಗಿರುತ್ತದೆ. ಅದರ ಮೇಲೆ ಯಾರೋ ಸ್ಕ್ರೂವನ್ನು ಜೋರಾಗಿ ಬಿಗಿದಿರುತ್ತಾರೆ. ಬಿರುಕು ಹುಟ್ಟೋದು ಹೆಚ್ಚಾಗಿ ಸ್ಕ್ರೂ ತೂತಿನಿಂದಲೇ. ಪಾರದರ್ಶಕ ಹಾಳೆಯಲ್ಲಾದರೆ ಟ್ರಿಪ್ ಮೀಟರಿನ ಗುಬುಟು ಹೊರಬರುವ ತೂತಿನಿಂದ. ಈ ಮಾತು ನೆನಪಿಡಿ, ವಾಪಸ್ ಜೋಡಿಸುವಾಗ ಬೇಕಾಗುತ್ತದೆ.

ಬಿಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಯಿರಿ. ಮೀಟರ್ ಹಿಂದೆ ಇಗ್ನಿಷನ್ ವೈರು, ಲೈಟ್ ವೈರು ಎಲ್ಲಾ ಒತ್ತೊತ್ತಾಗಿರುತ್ತವೆ, ಸ್ಕ್ರೂಡ್ರೈವರ್ ತಗುಲಿ ಕಿಡಿ ಹಾರಿದರೆ ಫ್ಯೂಸ್ ಹೋಗುತ್ತದೆ. ಚೌಕಟ್ಟಿನ ಸ್ಕ್ರೂಗಳು ಸಾಮಾನ್ಯವಾಗಿ ಮೇಲಿನ ಅಂಚಿನ ಒಳಗಡೆ, ಕೆಳಗಿನಿಂದ ಬಗ್ಗಿ ನೋಡಿದರೆ ಕಾಣುವ ಹಾಗೆ ಇರುತ್ತವೆ. ಎಲ್ಲಾ ಬಿಚ್ಚಿದ ಮೇಲೂ ಬರುತ್ತಿಲ್ಲ ಅಂದರೆ ಎಳೆಯಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಅಡಗಿದೆ ಅಥವಾ ಕ್ಲಿಪ್ ಹಿಡಿದಿದೆ. ಹಳೆ ಪ್ಲಾಸ್ಟಿಕ್ಕಿನ ಕ್ಲಿಪ್ ಚಳಿಯಲ್ಲಿ ಚಟ್ ಅಂತ ಮುರಿಯುತ್ತದೆ. ಡಿಸೆಂಬರ್ ಬೆಳಗ್ಗೆ ಧಾರವಾಡದಲ್ಲಿ ಈ ಕೆಲಸಕ್ಕೆ ಕೂತರೆ ಗಾಡಿಯನ್ನು ಅರ್ಧ ತಾಸು ಬಿಸಿಲಿಗೆ ನಿಲ್ಲಿಸಿ, ಆಮೇಲೆ ಕೈ ಹಾಕಿ.

ಮೀಟರನ್ನೂ ಹೊರಗೆ ತೆಗೆಯೋದಾದರೆ ಹಿಂದೆ ಸ್ಪೀಡೋಮೀಟರ್ ಕೇಬಲ್ ಇರುತ್ತದೆ. ಕೆಲವದರಲ್ಲಿ ಕ್ಲಿಪ್ ಒತ್ತಿ ಎಳೆಯಬೇಕು, ಕೆಲವದರಲ್ಲಿ ತಿರುಗಿಸಿ ಬಿಚ್ಚಬೇಕು. ಹಿಂಬದಿಗೆ ತೆಳುವಾದ ಒಂದು ಹಾಳೆ ಅಂಟಿಕೊಂಡಿರುತ್ತದೆ, ಅದರಲ್ಲಿ ತಾಮ್ರದ ಗೆರೆಗಳಿರುತ್ತವೆ. ಅದೇ ಮೀಟರಿನ ವೈರಿಂಗ್. ಅದು ಹರಿದರೆ ರಿಪೇರಿ ಕಷ್ಟ, ಹಾಗಾಗಿ ಮೀಟರನ್ನು ಮಗ್ಗುಲಿನಿಂದ ಹಿಡಿಯಿರಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಯಾವ ಸಾಕೆಟ್ ಎಲ್ಲಿಗೆ ಅನ್ನೋ ಗೊಂದಲ ಇರಲ್ಲ.

ಚೌಕಟ್ಟು ಕೈಗೆ ಬಂತಲ್ವಾ, ಈಗ ತಿರುವಿ ಹಾಕಿ ಹಿಂಬದಿ ನೋಡಿ. ಎಬಿಎಸ್, ಪಿಪಿ ಅಂತ ಎರಡು ಜಾತಿಯ ಪ್ಲಾಸ್ಟಿಕ್ ಇವೆ, ಎರಡಕ್ಕೂ ರಿಪೇರಿ ಬೇರೆ ಬೇರೆ. ಎಲ್ಲಾದರೂ ಇಂಗ್ಲಿಷಿನಲ್ಲಿ ಎಬಿಎಸ್ ಅಂತಲೋ ಪಿಪಿ ಅಂತಲೋ ಅಚ್ಚಾಗಿದ್ದರೆ ಅರ್ಧ ಕೆಲಸ ಮುಗಿಯಿತು. ತೀರಾ ಹಳೆ ಗಾಡಿಗಳಲ್ಲಿ ಏನೂ ಬರೆದಿರಲ್ಲ. ಆಗ ಕಾಣದ ಜಾಗದಿಂದ ಉಗುರಿನಷ್ಟು ಚೂರು ಕತ್ತರಿಸಿ ನೀರಿನ ಲೋಟಕ್ಕೆ ಹಾಕಿ. ತೇಲಿದರೆ ಪಿಪಿ ಅಂದುಕೊಳ್ಳಬಹುದು, ಮುಳುಗಿದರೆ ಎಬಿಎಸ್ ಇರಬಹುದು. ಚೂರಿಗೆ ಗಾಳಿಗುಳ್ಳೆ ಹಿಡಿದಿದ್ದರೆ ಸುಳ್ಳೇ ತೇಲುತ್ತದೆ, ಬೆರಳಿನಿಂದ ಒಮ್ಮೆ ಮುಳುಗಿಸಿ ಬಿಡಿ. ಮುಳುಗಿದ ಚೂರಿಗೆ ಅಸಿಟೋನ್ ಒಂದು ಹನಿ ಬಿಡಿ. ಸ್ವಲ್ಪ ಹೊತ್ತಿನಲ್ಲಿ ಮೇಲ್ಮೈ ಕರಗಿ ಬೆರಳಿಗೆ ಅಂಟಿದರೆ ಎಬಿಎಸ್. ಪಿಪಿ ಆದರೆ ಅಸಿಟೋನಿಗೆ ಕ್ಯಾರೇ ಅನ್ನಲ್ಲ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇರುತ್ತದೆ, ಆದರೆ ಈಗ ಅಸಿಟೋನ್ ಇಲ್ಲದ್ದೂ ಬರುತ್ತಿದೆ, ಬಾಟಲಿ ಓದಿ ತಗೊಳ್ಳಿ.

ತೊಳೆಯುವ ಕೆಲಸವನ್ನು ಎಲ್ಲರೂ ಹಾರಿಸುತ್ತಾರೆ. ವರ್ಷಗಟ್ಟಲೆ ಡ್ಯಾಶ್‌ಬೋರ್ಡ್ ಪಾಲಿಶ್ ಹೊಡೆದಿರುತ್ತೇವೆ. ಅದರಲ್ಲಿ ಸಿಲಿಕೋನ್ ಇರುತ್ತದೆ, ಅದರ ಮೇಲೆ ಅಂಟೂ ನಿಲ್ಲಲ್ಲ, ಬಣ್ಣವೂ ನಿಲ್ಲಲ್ಲ, ಸ್ಪ್ರೇ ಮಾಡಿದ ಕೂಡಲೇ ಮೀನಿನ ಕಣ್ಣಿನಂಥ ತೂತುಗಳು ಏಳುತ್ತವೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಹಾಕಿ ಚೆನ್ನಾಗಿ ಉಜ್ಜಿ. ಮೂಲೆಯಲ್ಲಿ ಎರೆಮಣ್ಣಿನ ಧೂಳು ಎಣ್ಣೆ ಜೊತೆ ಸೇರಿ ಗಟ್ಟಿಯಾಗಿರುತ್ತದೆ, ಕಡ್ಡಿಯಿಂದ ಕೆರೆದು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಚೌಕಟ್ಟನ್ನು ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಪಾರದರ್ಶಕ ಹಾಳೆಗೆ ಇದು ಬೇಡ, ಥಿನ್ನರ್ ಬೇಡ, ಪೆಟ್ರೋಲ್ ಬೇಡ, ಕಿಟಕಿ ಗಾಜು ಒರೆಸುವ ನೀಲಿ ದ್ರವವೂ ಬೇಡ. ಆ ಹಾಳೆ ಹೆಚ್ಚಾಗಿ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್, ಇವು ತಾಗಿದರೆ ಒಳಗೊಳಗೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೋಪು ನೀರು, ಮೆತ್ತನೆ ಹತ್ತಿ ಬಟ್ಟೆ, ಅಷ್ಟೇ.

ಅಂಟು ಹಾಕುವ ಮುಂಚೆ ಬಿರುಕನ್ನು ನಿಲ್ಲಿಸಬೇಕು. ಬಿರುಕಿನ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿ 2 ಮಿ.ಮೀ. ಬಿಟ್‌ನಿಂದ ಸಣ್ಣ ತೂತು ಹಾಕಿ. ಚೂಪಾದ ತುದಿಯಲ್ಲಿ ಎಳೆತ ಎಲ್ಲಾ ಒಂದೇ ಬಿಂದುವಿಗೆ ಬಂದು ಕೂರುತ್ತದೆ, ದುಂಡು ತೂತು ಆದರೆ ಅದು ಹಂಚಿಹೋಗುತ್ತದೆ, ಬಿರುಕು ಮುಂದೆ ಓಡಲ್ಲ. ತುದಿ ಕಾಣದಿದ್ದರೆ ಚೌಕಟ್ಟನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡಿ, ಗೆರೆ ಬಾಯಿ ತೆರೆಯುತ್ತದೆ. ತೂತು ಬಿರುಕಿನ ತುದಿಗಿಂತ ಹಿಂದೆ ಬಿದ್ದರೆ ಉಪಯೋಗವಿಲ್ಲ, ಕೂದಲೆಳೆ ಮುಂದೆ ಬಿದ್ದರೂ ಪರವಾಗಿಲ್ಲ.

ಎಬಿಎಸ್ ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಅಂಟು ಮಾಡಿಕೊಳ್ಳಬಹುದು. ಚೂರು ಎಲ್ಲಿಂದ ಅಂದರೆ, ಚೌಕಟ್ಟಿನ ಹಿಂದೆ ಕೆಲಸಕ್ಕೆ ಬಾರದ ಪಟ್ಟಿ ಇದ್ದರೆ ಅದೇ ಸಾಕು. ಇಲ್ಲವಾದರೆ ಗುಜರಿಯಲ್ಲಿ ಎಬಿಎಸ್ ಅಂತ ಅಚ್ಚಿರುವ ಯಾವುದಾದರೂ ಒಡೆದ ಕಪ್ಪು ಪ್ಯಾನೆಲ್ ನೋಡಿ. ಗಾಜಿನ ಸಣ್ಣ ಬಾಟಲಿಗೆ ಚೂರು ಹಾಕಿ, ಅದು ಮುಳುಗುವಷ್ಟು ಅಸಿಟೋನ್ ಹಾಕಿ, ಮುಚ್ಚಳ ಬಿಗಿದು ರಾತ್ರಿ ಬಿಡಿ. ಬೆಳಗ್ಗೆ ಜೇನುತುಪ್ಪದಷ್ಟು ಮಂದವಾಗಿರಬೇಕು. ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ, ನಮ್ಮ ಬೇಸಿಗೆಯಲ್ಲಿ ನೋಡುನೋಡುತ್ತಲೇ ಹಾರಿಹೋಗುತ್ತದೆ, ಬೆಂಕಿ ಬೇರೆ ಬೇಗ ಹತ್ತುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲಿ, ಕಿಟಕಿ ತೆರೆದು, ದೇವರ ಮನೆಯ ದೀಪದಿಂದಲೂ ಅಡುಗೆಮನೆಯಿಂದಲೂ ದೂರ ಕೂತು ಮಾಡಿ.

ಬಿರುಕಿನ ಎರಡೂ ಕಡೆ ಹಿಂಬದಿಯಿಂದ ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಚಾಕುವಿನಿಂದ ಕೆರೆಯಿರಿ. ಮುಂಭಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ ಎರಡು ಅಂಚು ಸರಿಯಾಗಿ ಕೂರಿಸಿ. ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿ ಸುತ್ತಿದರೆ ಕ್ಲಾಂಪಿಗಿಂತ ಚೆನ್ನಾಗಿ ಹಿಡಿಯುತ್ತದೆ, ಕೊಂಕಿದ ಆಕಾರಕ್ಕೂ ಒಗ್ಗುತ್ತದೆ. ಈಗ ಸಣ್ಣ ಬ್ರಷ್‌ನಿಂದ ಈ ಮಂದ ಅಂಟನ್ನು ಕೆರೆದ ಜಾಗಕ್ಕೆ ತೆಳುವಾಗಿ ತುಂಬಿ. ಒಣಗಿದ ಹಾಗೆ ಕುಗ್ಗುತ್ತದೆ, ಮತ್ತೊಂದು ಪದರ ಹಾಕಿ. ಒಂದೇ ಸಲ ದಪ್ಪಗೆ ಮೆತ್ತಿದರೆ ಒಳಗಿನ ಅಸಿಟೋನ್ ಹೊರಬರದೆ ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟ ಆಗುತ್ತದೆ. ಕೊನೆಗೆ ಬಿರುಕಿಗೆ ಅಡ್ಡವಾಗಿ ಬಲ ಕೊಡಬೇಕು. ಹಳೆ ಸ್ಟೀಲ್ ಚಹಾ ಸೋಸುವ ಜಾಲರಿ ಇದೆಯಲ್ಲ, ಅದರ ಬಲೆ ಕತ್ತರಿಸಿ ಹಿಂಬದಿಗೆ ಇಟ್ಟು ಮೇಲೆ ಇನ್ನೊಂದು ಪದರ ಹಚ್ಚಿ. ಒಂದು ರಾತ್ರಿ ಮುಟ್ಟಬೇಡಿ.

ಪಿಪಿ ಆದರೆ ಅಂಟಿನ ಆಸೆ ಬಿಡಿ. ಕ್ವಿಕ್ ಅಂಟು, ಎಂ-ಸೀಲ್, ಅರಾಲ್ಡೈಟ್ ಯಾವುದೂ ಅದನ್ನು ಸರಿಯಾಗಿ ಹಿಡಿಯಲ್ಲ, ನಾಲ್ಕು ದಿನ ಬಿಟ್ಟು ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅದನ್ನು ಕಾಯಿಸಿಯೇ ಬೆಸೆಯಬೇಕು. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಬೆಸುಗೆಗೆ ಪ್ಲಾಸ್ಟಿಕ್ ಬೇಕಲ್ಲ, ಹೋಟೆಲಿನಿಂದ ಪಾರ್ಸಲ್ ಬರುವ ಕಪ್ಪು ಡಬ್ಬಿಯ ತಳ ನೋಡಿ. ತ್ರಿಕೋನದೊಳಗೆ 5 ಅಂತ ಇದ್ದರೆ ಅದು ಪಿಪಿ. ಅದನ್ನೇ ಉದ್ದುದ್ದ ಪಟ್ಟಿ ಕತ್ತರಿಸಿಕೊಳ್ಳಿ. ಮೊದಲು ಐರನ್ ತುದಿಯಿಂದ ಬಿರುಕಿಗೆ ಅಡ್ಡಡ್ಡ ಹೊಲಿಗೆ ಹಾಕಿದಂತೆ ಒತ್ತುತ್ತಾ ಹೋಗಿ, ಎರಡು ಕಡೆ ಕೂಡಿಕೊಳ್ಳುತ್ತವೆ. ಆಮೇಲೆ ಜಾಲರಿ ಇಟ್ಟು ಐರನ್ನಿನಿಂದ ಒತ್ತಿ ಪ್ಲಾಸ್ಟಿಕ್ಕಿನೊಳಗೆ ಮುಳುಗಿಸಿ, ಮೇಲೆ ಪಟ್ಟಿ ಕರಗಿಸಿ ಮುಚ್ಚಿ. ಪಿಪಿ ಕರಗೋದು 160 ಡಿಗ್ರಿ ಆಸುಪಾಸಿನಲ್ಲಿ, ಐರನ್ ತುದಿ ಅದಕ್ಕಿಂತ ಬಹಳ ಬಿಸಿ ಇರುತ್ತದೆ. ಹೊಗೆ ಬರುತ್ತಿದೆ ಅಂದರೆ ಪ್ಲಾಸ್ಟಿಕ್ ಸುಡುತ್ತಿದೆ, ಬೆಸೆಯುತ್ತಿಲ್ಲ. ಆಗಾಗ ಪ್ಲಗ್ ತೆಗೆದು ತಣಿಸಿಕೊಂಡು ಮಾಡಿ. ಮುಂಭಾಗದವರೆಗೆ ಕಾವು ಹೋಗಿ ಗುಳಿ ಬೀಳದಂತೆ ಬೆರಳಿನಿಂದ ಆಗಾಗ ಮುಟ್ಟಿ ನೋಡ್ತಾ ಇರಿ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ ಬಂಪರ್ ವೆಲ್ಡಿಂಗ್ ಮಾಡುವವರ ಹತ್ತಿರ ಹೋಗಿ. ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಗ್ಯಾರೇಜುಗಳಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಚೌಕಟ್ಟು ಬಿಚ್ಚಿ, ತೊಳೆದು ಕೈಯಲ್ಲಿ ಒಯ್ದರೆ ಕೆಲಸ ಬೇಗ ಆಗುತ್ತದೆ, ದುಡ್ಡೂ ಕಡಿಮೆ ಬೀಳುತ್ತದೆ.

ಪಾರದರ್ಶಕ ಹಾಳೆಯ ವಿಷಯ ಬೇರೆ. ಇಲ್ಲಿ ಗೆರೆ ಪೂರ್ತಿ ಮಾಯ ಆಗಬೇಕು ಅಂತ ಹಠ ಹಿಡಿಯಬೇಡಿ, ಆಗಲ್ಲ. ಬಿರುಕು ಮುಂದೆ ಓಡಬಾರದು, ಧೂಳು ಒಳಗೆ ಹೋಗಬಾರದು, ಅಷ್ಟು ಆದರೆ ಗೆದ್ದಂತೆ. ಕಟಾವಿನ ಕಾಲದಲ್ಲಿ ಹಳ್ಳಿ ರಸ್ತೆಗೆ ಗಾಡಿ ಒಯ್ಯುವವರಿಗೆ ಧೂಳಿನ ಕಷ್ಟ ಗೊತ್ತು, ಡಯಲ್ ಮೇಲೆ ಒಂದು ಪದರ ಕೂತುಬಿಟ್ಟರೆ ರಾತ್ರಿ ದೀಪ ಹಾಕಿದರೂ ಏನೂ ಕಾಣಲ್ಲ. ನೇಮ್‌ಪ್ಲೇಟು, ಬೋರ್ಡು ಮಾಡುವ ಅಂಗಡಿಯವರು ಅಕ್ರಿಲಿಕ್ ಅಂಟಿಸೋಕೆ ನೀರಿನಷ್ಟು ತೆಳುವಾದ ದ್ರವ ಇಟ್ಟಿರುತ್ತಾರೆ, ಹೆಚ್ಚಾಗಿ ಕ್ಲೋರೋಫಾರ್ಮ್. ಸೂಜಿಯಿಂದ ಒಂದು ಹನಿ ಬಿರುಕಿನ ಬಾಯಿಗೆ ಮುಟ್ಟಿಸಿದರೆ ತಾನೇ ಗೆರೆಯುದ್ದಕ್ಕೂ ಓಡಿ ಒಳಗಿನಿಂದ ಬೆಸೆಯುತ್ತದೆ. ನೋಡೋಕೆ ಚೆಂದ, ಬೆಳ್ಳಗಿದ್ದ ಗೆರೆ ಹನಿ ಓಡಿದ ಕಡೆಯೆಲ್ಲ ತಿಳಿಯಾಗುತ್ತಾ ಹೋಗುತ್ತದೆ. ಆದರೆ ಅದರ ಆವಿ ಒಳ್ಳೆಯದಲ್ಲ, ಮನೆಗೆ ತರೋದಕ್ಕಿಂತ ಹಾಳೆಯನ್ನೇ ಅಂಗಡಿಗೆ ಒಯ್ದು ಅವರ ಕೈಯಲ್ಲೇ ಹಾಕಿಸಿ.

ಹಾಳೆ ತೀರಾ ಚೂರಾಗಿದ್ದರೆ ಅದೇ ಅಂಗಡಿಯವರಿಂದ 2 ಮಿ.ಮೀ. ಅಕ್ರಿಲಿಕ್‌ನಲ್ಲಿ ಹೊಸದನ್ನು ಕತ್ತರಿಸಿಕೊಳ್ಳಬಹುದು. ಹಳೆ ಹಾಳೆಯನ್ನು ದಪ್ಪ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ತೂತುಗಳ ಸಮೇತ ಅಳತೆ ಕೊಡಿ. ಒಂದು ಮಾತು ಇದೆ. ಕಂಪನಿಯ ಹಾಳೆ ಸ್ವಲ್ಪ ಬಾಗಿರುತ್ತದೆ ಅಥವಾ ವಾರೆ ಕೂತಿರುತ್ತದೆ, ಅದು ಚೆಂದಕ್ಕಲ್ಲ, ಹಿಂದಿನ ಬೆಳಕು ನಮ್ಮ ಕಣ್ಣಿಗೆ ಬೀಳದಿರಲಿ ಅಂತ. ಸಪಾಟಾದ ಹಾಳೆಯನ್ನು ನೇರ ಕೂರಿಸಿಬಿಟ್ಟರೆ ಬಿಳಿ ಅಂಗಿ ಹಾಕಿಕೊಂಡು ಕೂತ ದಿನ ಸ್ಪೀಡ್ ಬದಲು ಅಂಗಿಯ ಗುಂಡಿ ಕಾಣುತ್ತದೆ. ಹಳೆಯದು ಎಷ್ಟು ವಾರೆ ಇತ್ತೋ ಅಷ್ಟೇ ವಾರೆ ಕೂರಬೇಕು. ಬರೀ ಗೀರುಗಳಿದ್ದರೆ ಹೊಸದು ಬೇಡವೇ ಬೇಡ. 1000, 1500, 2000 ನಂಬರಿನ ವಾಟರ್ ಪೇಪರ್ ಒಂದಾದ ಮೇಲೊಂದು ನೀರು ಹಚ್ಚಿ ಉಜ್ಜಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿ. ನಡುವೆ ಹಾಳೆ ಮಂಕಾಗಿ ಹಾಳಾಯಿತು ಅನ್ನಿಸುತ್ತದೆ, ನಿಲ್ಲಿಸಬೇಡಿ.

ಮೀಟರ್ ತೆರೆದಿರುವಾಗ ಡಯಲ್ ಮೇಲಿನ ಧೂಳು ತೆಗೆಯೋಕೆ ಪಂಕ್ಚರ್ ಅಂಗಡಿಯ ಗಾಳಿ ಹಿಡಿಯಬೇಡಿ, ಮುಳ್ಳು ಬಾಗುತ್ತದೆ. ಬಣ್ಣ ಹಚ್ಚುವ ಮೆತ್ತನೆ ಬ್ರಷ್ ಸಾಕು. ಸುಟ್ಟ ಬಲ್ಬುಗಳನ್ನೂ ಈಗಲೇ ಬದಲಿಸಿ. ಎಲ್‌ಇಡಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಡಯಲ್ ಬೆಳಗುವ ಬಲ್ಬಿನ ಜಾಗಕ್ಕೆ ಹಾಕಿಕೊಳ್ಳಿ, ಆದರೆ ಬ್ಯಾಟರಿ ಚಿತ್ರ ಇರುವ ಚಾರ್ಜಿಂಗ್ ಬಲ್ಬಿಗೆ ಮಾತ್ರ ಹಳೆ ಬಲ್ಬೇ ಇರಲಿ. ಎಷ್ಟೋ ಹಳೆ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಚ್ಚರವಾಗೋದು ಆ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದ. ಎಲ್‌ಇಡಿ ತೀರಾ ಕಡಿಮೆ ಕರೆಂಟ್ ಬಿಡುತ್ತದೆ, ಚಾರ್ಜಿಂಗೇ ಶುರುವಾಗದೆ ಬ್ಯಾಟರಿ ಇಳಿದುಹೋಗಬಹುದು. ಆಮೇಲೆ ಬ್ಯಾಟರಿ ಅಂಗಡಿಗೂ ಎಲೆಕ್ಟ್ರಿಷಿಯನ್ ಹತ್ತಿರಕ್ಕೂ ಅಲೆದಾಟ.

ಬಣ್ಣಕ್ಕೆ ಮ್ಯಾಟ್ ಕಪ್ಪು ಸ್ಪ್ರೇ. ಹೊಳೆಯುವ ಬಣ್ಣ ಹೊಡೆದರೆ ಮುಂದಿನ ಗಾಜಿನಲ್ಲಿ ಬಿಂಬ ಕುಣಿಯುತ್ತದೆ. ಪಿಪಿ ಆದರೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕೇಬೇಕು. ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ. ಆಷಾಢದ ಗಾಳಿಯಲ್ಲಿ ಅಂಗಳದಲ್ಲಿ ಹೊಡೆದರೆ ಬಣ್ಣಕ್ಕಿಂತ ಧೂಳೇ ಜಾಸ್ತಿ ಕೂರುತ್ತದೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊಡೆದರೆ ತೇವಕ್ಕೆ ಬೆಳ್ಳಗಾಗುತ್ತದೆ. ಒಣ ಹವೆ ನೋಡಿ.

ಬಿರುಕು ಬಿಟ್ಟ ಕವರನ್ನು ಗುಜರಿಯಿಂದ ತಂದ ಕವರಿನಿಂದ ಬದಲಿಸೋಣ ಅಂದುಕೊಂಡವರು ಕೊಳ್ಳುವ ಮೊದಲು ಅದರ ಮೂಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಅದೂ ಇದೇ ಬಿಸಿಲಿನಲ್ಲಿ ಒಣಗಿದ ಸಾಮಾನು, ಚಟಚಟ ಸದ್ದು ಬಂದರೆ ಬಿಡಿ. ಸ್ಕ್ರೂ ಕೂರುವ ಕಿವಿಗಳು ಎಲ್ಲಾ ಮುರಿದಿದ್ದರೆ ಮಾತ್ರ ನಾನು ರಿಪೇರಿಗೆ ಕೈ ಹಾಕಲ್ಲ, ಒಂದೆರಡು ಹೋಗಿದ್ದರೆ ಜಾಲರಿ ಇಟ್ಟು ಕಟ್ಟಬಹುದು.

ವಾಪಸ್ ಜೋಡಿಸುವಾಗ ಸ್ಕ್ರೂಗೆ ತೆಳುವಾದ ರಬ್ಬರ್ ವಾಷರ್ ಹಾಕಿ. ಕೈಯಿಂದ ತಿರುಗಿಸಿ, ತಡೆದು ನಿಂತ ಮೇಲೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಸ್ಕ್ರೂ ತೂತು ಸಣ್ಣದಾಗಿ ಬಿಗಿ ಬರುತ್ತಿದ್ದರೆ ಸ್ವಲ್ಪ ದೊಡ್ಡದು ಮಾಡಿ, ಪ್ಲಾಸ್ಟಿಕ್ಕಿಗೆ ಹಿಗ್ಗೋಕೆ ಜಾಗ ಇರಬೇಕು. ಚೌಕಟ್ಟು ಡ್ಯಾಶ್‌ಬೋರ್ಡಿಗೆ ತಾಗುವ ಅಂಚಿಗೆ ಫೆಲ್ಟ್ ಟೇಪ್ ಹಚ್ಚಿದರೆ ಕಿರಿಕಿರಿ ಸದ್ದೂ ಹೋಗುತ್ತದೆ. ಬ್ಯಾಟರಿ ಕೊಟ್ಟು, ಇಂಜಿನ್ ಶುರು ಮಾಡದೆ ಬರೀ ಕೀ ತಿರುಗಿಸಿ. ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಎರಡೂ ಆರಬೇಕು. ಆಮೇಲೆ ಒಂದು ಸುತ್ತು ಓಡಿಸಿ ನೋಡಿ. ಸ್ಪೀಡೋಮೀಟರ್ ಮುಳ್ಳು ಏಳಲೇ ಇಲ್ಲ ಅಂದರೆ ಕೇಬಲ್ ಪೂರ್ತಿ ಕೂತಿಲ್ಲ. ಮುಳ್ಳು ಕುಣಿಯುತ್ತಿದ್ದರೆ ಕೇಬಲ್ ಹಿಂದೆ ಎಲ್ಲೋ ಚೂಪಾಗಿ ಬಾಗಿದೆ, ಕೈ ಹಾಕಿ ಅಗಲವಾದ ತಿರುವಿನಲ್ಲಿ ಬಿಡಿ, ಅದಕ್ಕೂ ಕುಣಿತ ನಿಲ್ಲದಿದ್ದರೆ ಕೇಬಲ್ ಒಳಗೆ ಗ್ರೀಸ್ ಒಣಗಿದೆ ಅಂತ ಅರ್ಥ.